ಕ್ರೀಕ್ ಜನರ ಹೆಸರಿನಲ್ಲಿ ಸಹಿ ಮಾಡಿದವರು ಯಾರು?

2020ರ ಜುಲೈ 9ರಂದು ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ನೀಡಿದ ತೀರ್ಪೊಂದು ಒಕ್ಲಹೋಮಾ ರಾಜ್ಯದ ಆಡಳಿತಗಾರರನ್ನು ತಬ್ಬಿಬ್ಬುಗೊಳಿಸಿತು. ಟಲ್ಸಾ ನಗರದ ಬಹುಭಾಗವೂ ಸೇರಿದಂತೆ ಆ ರಾಜ್ಯದ ಪೂರ್ವ ಭಾಗದ ಸುಮಾರು 30 ಲಕ್ಷ ಎಕರೆ ಪ್ರದೇಶ ಕ್ರೀಕ್ ಜನರ ಮೀಸಲು ನೆಲವಾಗಿಯೇ ಉಳಿದಿದೆ. ಅದನ್ನು ರದ್ದುಪಡಿಸುವ ಕಾನೂನನ್ನು ಅಮೆರಿಕದ ಸಂಸತ್ತು ಎಂದೂ ಮಾಡಿಲ್ಲ. ಆದ್ದರಿಂದ ಅಲ್ಲಿ ಮೂಲನಿವಾಸಿಗಳು ಆರೋಪಿಗಳಾಗಿರುವ ಗಂಭೀರ ಅಪರಾಧಗಳ ವಿಚಾರಣೆ ನಡೆಸುವ ಅಧಿಕಾರ ರಾಜ್ಯದ ನ್ಯಾಯಾಲಯಗಳಿಗಿಲ್ಲ. ‘ಮೆಕ್‌ಗರ್ಟ್’ ಮೊಕದ್ದಮೆ ಎಂದು ಹೆಸರಾದ ಈ ಪ್ರಕರಣದ ತೀರ್ಪಿನ ಸಾರ ಇಷ್ಟು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ನೀಲ್ ಗೊರ್ಸಚ್, ಸರ್ಕಾರ ತಾನು ಕೊಟ್ಟ ಮಾತಿಗೆ ಬದ್ಧವಾಗಿರಬೇಕು ಎಂದರು.

ತೀರ್ಪನ್ನು ಸ್ವಾಗತಿಸಿದವರೆಲ್ಲರೂ ಸರ್ಕಾರ ಕೊಟ್ಟು ಮುರಿದ ಮಾತುಗಳ ಬಗ್ಗೆ ಬರೆದರು. ಅದು ಸರಿಯೇ. ಆದರೆ ಆ ಮಾತುಗಳನ್ನು ದಾಖಲಿಸಿದ ಒಪ್ಪಂದಗಳನ್ನು ಒಂದೊಂದಾಗಿ ಓದುತ್ತ ಹೋದಾಗ ನನ್ನನ್ನು ಕಾಡಿದ್ದು ಬೇರೊಂದು ಪ್ರಶ್ನೆ. ಸರ್ಕಾರದ ಪರವಾಗಿ ಸಹಿ ಹಾಕಿದವರು ಯಾರೆಂಬುದು ಸ್ಪಷ್ಟ. ಕ್ರೀಕ್ ಜನರ ಪರವಾಗಿ ಸಹಿ ಹಾಕಿದವರು ಯಾರು? ಅವರಿಗೆ ಆ ಅಧಿಕಾರ ಕೊಟ್ಟವರಾದರೂ ಯಾರು?

ಈ ಪ್ರಶ್ನೆಗೆ ಉತ್ತರ ಕಷ್ಟವಾಗಲು ಕಾರಣ ಆ ಸಮಾಜದ ರಚನೆಯಲ್ಲೇ ಇದೆ. ಕ್ರೀಕ್ ಎಂಬುದು ಬ್ರಿಟಿಷರು ಇಟ್ಟ ಹೆಸರು. ತೊರೆಗಳ ದಂಡೆಯಲ್ಲಿ ನೆಲೆಸಿದ್ದವರನ್ನು ಅವರು ಹಾಗೆ ಕರೆದರು. ಆ ಜನ ತಮ್ಮನ್ನು ಮಸ್ಕೋಗಿ ಎಂದು ಹೇಳಿಕೊಳ್ಳುತ್ತಾರೆ. ಈಗಿನ ಜಾರ್ಜಿಯಾ ಮತ್ತು ಅಲಬಾಮಾ ರಾಜ್ಯಗಳಲ್ಲಿ ಹರಡಿದ್ದ ಹಲವು ಊರುಗಳ ಒಕ್ಕೂಟ ಅದು. ಒಂದೊಂದು ಊರಿಗೂ ತನ್ನದೇ ಮುಖಂಡ, ತನ್ನದೇ ಸಭೆ, ತನ್ನದೇ ಪವಿತ್ರ ಅಗ್ನಿ ಇತ್ತು. ಮಸ್ಕೋಗಿ ಭಾಷೆಯ ಜತೆಗೆ ಹಿಚಿಟಿ, ಅಲಬಾಮಾ, ಯೂಚಿ ಮುಂತಾದ ಭಾಷೆಗಳನ್ನಾಡುವ ಊರುಗಳೂ ಅದರಲ್ಲಿದ್ದವು. ಕೂಸಾ ಮತ್ತು ಟಲಪೂಸಾ ನದಿಗಳ ತೀರದವರನ್ನು ಮೇಲಿನ ಊರಿನವರೆಂದೂ, ಚಟ್ಟಹೂಚಿ ಮತ್ತು ಫ್ಲಿಂಟ್ ನದಿಗಳ ತೀರದವರನ್ನು ಕೆಳಗಿನ ಊರಿನವರೆಂದೂ ಕರೆಯುವುದು ರೂಢಿಗೆ ಬಂತು. ಎಲ್ಲರನ್ನೂ ಆಳುವ ಒಬ್ಬ ದೊರೆ ಅಲ್ಲಿರಲಿಲ್ಲ. ಒಂದು ಊರಿನ ತೀರ್ಮಾನಕ್ಕೆ ಇನ್ನೊಂದು ಊರು ಕಟ್ಟುಬೀಳಬೇಕೆಂಬ ನಿಯಮವೂ ಇರಲಿಲ್ಲ.

ಇಂಥ ವ್ಯವಸ್ಥೆ ನೆಲ ಬಯಸುವ ಸರ್ಕಾರಕ್ಕೆ ಅನನುಕೂಲಕರ. ನೂರು ಸಭೆಗಳೊಡನೆ ಮಾತುಕತೆ ನಡೆಸುವುದಕ್ಕಿಂತ ಒಬ್ಬ ನಾಯಕನೊಡನೆ ನಡೆಸುವುದು ಸುಲಭ. 1790ರಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ಸರ್ಕಾರ ನ್ಯೂಯಾರ್ಕ್‌ನಲ್ಲಿ ಕ್ರೀಕ್ ಮುಖಂಡರೊಡನೆ ಮಾಡಿಕೊಂಡ ಒಪ್ಪಂದದಲ್ಲೇ ಇದರ ಬೀಜ ಕಾಣುತ್ತದೆ. ಕ್ರೀಕ್ ನಿಯೋಗದ ಮುಂದಾಳು ಅಲೆಕ್ಸಾಂಡರ್ ಮೆಕ್‌ಗಿಲಿವ್ರೇ ಚತುರ ರಾಜಕಾರಣಿ. ಒಪ್ಪಂದಕ್ಕೆ ಲಗತ್ತಿಸಿದ ರಹಸ್ಯ ಕಲಮುಗಳ ಪ್ರಕಾರ ಆತನಿಗೆ ಅಮೆರಿಕದ ಸೇನೆಯಲ್ಲಿ ಬ್ರಿಗೇಡಿಯರ್ ಜನರಲ್ ಪದವಿ ಮತ್ತು ವರ್ಷಕ್ಕೆ 1,200 ಡಾಲರ್ ಸಂಬಳ ದೊರೆಯಿತು. ತನ್ನ ಜನರ ಪರವಾಗಿ ಚೌಕಾಸಿಗೆ ಕುಳಿತವನು ಎದುರಿನ ಪಕ್ಷದಿಂದಲೇ ಸಂಬಳ ಪಡೆಯುವವನಾದ.

1796ರಿಂದ ಸರ್ಕಾರದ ಪ್ರತಿನಿಧಿಯಾಗಿ ಕ್ರೀಕ್ ನಾಡಿನಲ್ಲಿದ್ದ ಬೆಂಜಮಿನ್ ಹಾಕಿನ್ಸ್ ದುಷ್ಟನೇನಲ್ಲ. ಬೇಟೆ ಬಿಟ್ಟು ನೇಗಿಲು ಹಿಡಿದರೆ, ಹತ್ತಿ ಬೆಳೆದು ನೂಲು ತೆಗೆದರೆ ಈ ಜನ ಉದ್ಧಾರವಾಗುತ್ತಾರೆಂದು ಆತ ಪ್ರಾಮಾಣಿಕವಾಗಿ ನಂಬಿದ್ದ. ಆದರೆ ಬೇಟೆ ಬಿಟ್ಟವರಿಗೆ ಅಷ್ಟು ಕಾಡೇಕೆ ಬೇಕು ಎಂಬ ಲೆಕ್ಕಾಚಾರವೂ ಈ ಉದ್ಧಾರದ ಯೋಜನೆಯಲ್ಲಿ ಸೇರಿತ್ತು. ಚದುರಿದ ಊರುಗಳ ಮೇಲೆ ಹತೋಟಿ ಸಾಧಿಸಲು ಆತ ರಾಷ್ಟ್ರೀಯ ಪರಿಷತ್ತೊಂದನ್ನು ಬಲಪಡಿಸಿದ. ಬಿಳಿಯ ವಲಸಿಗರನ್ನು ಕೊಂದವರಿಗೆ ಆ ಪರಿಷತ್ತೇ ಮರಣದಂಡನೆ ವಿಧಿಸತೊಡಗಿದಾಗ ಒಳಗಿನ ಅಸಮಾಧಾನ ಸ್ಫೋಟಗೊಂಡಿತು. ಸರ್ಕಾರ ಅವರ ನಾಡಿನ ನಡುವೆ ಹಾಯಿಸಿದ ರಸ್ತೆ, ವಲಸಿಗರ ನೂಕುನುಗ್ಗಲು, 1811ರಲ್ಲಿ ಅಲ್ಲಿಗೆ ಬಂದ ಶಾನೀ ಬುಡಕಟ್ಟಿನ ನಾಯಕ ಟೆಕುಮ್ಸೆಯ ಪ್ರತಿರೋಧದ ಕರೆ ಎಲ್ಲವೂ ಅದಕ್ಕೆ ತುಪ್ಪ ಸುರಿದವು. ಹೀಗೆ ಹುಟ್ಟಿದ್ದು ರೆಡ್ ಸ್ಟಿಕ್ಸ್, ಅಂದರೆ ಕೆಂಪು ದೊಣ್ಣೆಯವರ ಬಂಡಾಯ.

1813ರಲ್ಲಿ ಆರಂಭವಾದ ಈ ಯುದ್ಧ ಮೊದಲಿಗೆ ಕ್ರೀಕ್ ಜನರ ಅಂತರ್ಯುದ್ಧವೇ ಆಗಿತ್ತು. ಆ ವರ್ಷದ ಆಗಸ್ಟ್ 30ರಂದು ಬಂಡಾಯಗಾರರು ಫೋರ್ಟ್ ಮಿಮ್ಸ್ ಕೋಟೆಯಲ್ಲಿ ಭೀಕರ ಹತ್ಯಾಕಾಂಡ ನಡೆಸಿದ ಬಳಿಕ ಅಮೆರಿಕ ಪೂರ್ಣಪ್ರಮಾಣದಲ್ಲಿ ಯುದ್ಧಕ್ಕಿಳಿಯಿತು. 1814ರ ಮಾರ್ಚ್ 27ರಂದು ಹಾರ್ಸ್‌ಶೂ ಬೆಂಡ್ ಎಂಬ ನದೀತಿರುವಿನಲ್ಲಿ ಆಂಡ್ರೂ ಜಾಕ್ಸನ್ ಸೇನೆ 800ಕ್ಕೂ ಹೆಚ್ಚು ಬಂಡಾಯಗಾರರನ್ನು ಕೊಂದಿತು. ಆ ಸೇನೆಯಲ್ಲಿ ಚೆರೋಕಿಗಳಿದ್ದರು; ಜಾಕ್ಸನ್‌ಗೆ ನಿಷ್ಠರಾದ ಕ್ರೀಕ್ ಯೋಧರೂ ಇದ್ದರು.

ಆಗಸ್ಟ್ 9ರಂದು ಫೋರ್ಟ್ ಜಾಕ್ಸನ್‌ನಲ್ಲಿ ‘ಶಾಂತಿ ಒಪ್ಪಂದ’ಕ್ಕೆ ಸಹಿ ಬಿತ್ತು. ಸೋತವರಲ್ಲಿ ಬದುಕುಳಿದ ಬಹುಮಂದಿ ಫ್ಲಾರಿಡಾ ಕಡೆಗೆ ಓಡಿಹೋಗಿದ್ದರು. ಜಾಕ್ಸನ್ ಎದುರು ಕುಳಿತಿದ್ದ ಮುಖಂಡರಲ್ಲಿ ಬಹುತೇಕ ಎಲ್ಲರೂ ಅವನ ಪರವಾಗಿ ಹೋರಾಡಿದವರು. ಅವರಿಂದಲೇ ಆತ ಸುಮಾರು 2.3 ಕೋಟಿ ಎಕರೆ ನೆಲ ಬರೆಸಿಕೊಂಡ. ನಮ್ಮ ಕರ್ನಾಟಕದ ಹೆಚ್ಚುಕಡಿಮೆ ಅರ್ಧದಷ್ಟು ವಿಸ್ತಾರ ಅದು. ಬಂಡಾಯಗಾರರ ನೆಲದ ಜತೆಗೆ ಸ್ನೇಹಿತರ ನೆಲವೂ ಹೋಯಿತು. ನಾವು ನಿಮ್ಮ ಮಿತ್ರರಲ್ಲವೇ ಎಂಬ ಅವರ ಮನವಿಗೆ ಜಾಕ್ಸನ್ ಕಿವಿಗೊಡಲಿಲ್ಲ. ಯುದ್ಧದಲ್ಲಿ ಎರಡು ಬಣಗಳ ವ್ಯತ್ಯಾಸವನ್ನು ಚೆನ್ನಾಗಿ ಬಳಸಿಕೊಂಡವನಿಗೆ ಒಪ್ಪಂದದ ಹೊತ್ತಿಗೆ ಎಲ್ಲರೂ ಒಂದೇ ‘ಕ್ರೀಕ್ ರಾಷ್ಟ್ರ’ವಾಗಿ ಕಂಡರು.

ನಂತರದ ಕಥೆಯಲ್ಲಿ ವಿಲಿಯಂ ಮ್ಯಾಕಿಂಟಾಷ್ ಬರುತ್ತಾನೆ. ತಂದೆ ಸ್ಕಾಟ್ಲೆಂಡ್ ಮೂಲದವನು, ತಾಯಿ ಕ್ರೀಕ್. ಅವರಲ್ಲಿ ಕುಲ ತಾಯಿಯಿಂದ ಬರುವುದು. ನಮ್ಮ ಕರಾವಳಿಯ ಅಳಿಯಸಂತಾನವನ್ನು ಬಲ್ಲವರಿಗೆ ಇದು ವಿಚಿತ್ರವೆನಿಸದು. ಹಾಗಾಗಿ ಆತ ಹೊರಗಿನವನಲ್ಲ, ಕೆಳಗಿನ ಊರುಗಳ ಮುಖಂಡ, ಹಾರ್ಸ್‌ಶೂ ಬೆಂಡ್‌ನಲ್ಲಿ ಜಾಕ್ಸನ್ ಜತೆ ಹೋರಾಡಿದವನು. ಜಾರ್ಜಿಯಾದ ಗವರ್ನರ್ ಜಾರ್ಜ್ ಟ್ರೂಪ್‌ಗೆ ಸೋದರಸಂಬಂಧಿಯೂ ಹೌದು. ಇನ್ನೊಂದು ಕಡೆ, ಮೂಲನಿವಾಸಿಗಳ ಹಕ್ಕನ್ನು ಕೊನೆಗೊಳಿಸಿಕೊಡುವುದಾಗಿ ಕೇಂದ್ರ ಸರ್ಕಾರ 1802ರಲ್ಲೇ ಜಾರ್ಜಿಯಾಕ್ಕೆ ಮಾತುಕೊಟ್ಟಿತ್ತು. ಕ್ರೀಕ್ ಪರಿಷತ್ತು ಇದಕ್ಕೆ ಎದುರಾಗಿ, ತನ್ನ ಒಪ್ಪಿಗೆಯಿಲ್ಲದೆ ನೆಲ ಮಾರಿದವರಿಗೆ ಮರಣದಂಡನೆ ಎಂಬ ಕಾನೂನು ಮಾಡಿತು. ಮ್ಯಾಕಿಂಟಾಷ್‌ಗೆ ಆ ಕಾನೂನು ಚೆನ್ನಾಗಿ ಗೊತ್ತಿತ್ತು.

ಆದರೂ 1825ರ ಫೆಬ್ರುವರಿ 12ರಂದು ಇಂಡಿಯನ್ ಸ್ಪ್ರಿಂಗ್ಸ್ ಎಂಬಲ್ಲಿ ಆತ ಮತ್ತು ಅವನ ಬೆಂಬಲಿಗರು ಜಾರ್ಜಿಯಾದಲ್ಲಿ ಉಳಿದಿದ್ದ ಕ್ರೀಕ್ ನೆಲವನ್ನೂ ಅಲಬಾಮಾದ ಒಂದು ಭಾಗವನ್ನೂ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿದರು. ಆತನ ಸ್ವಂತ ಜಮೀನುಗಳಿಗೆಂದು ಪ್ರತ್ಯೇಕವಾಗಿ 25,000 ಡಾಲರ್ ನಿಗದಿಯಾಯಿತು. ಸಹಿ ಮಾಡಿದವರಿಗೆ ಆ ಅಧಿಕಾರವಿಲ್ಲವೆಂದು ಕ್ರೀಕ್ ನಾಡಿನಲ್ಲಿದ್ದ ಸರ್ಕಾರದ ಪ್ರತಿನಿಧಿಯೇ ವಾಷಿಂಗ್ಟನ್‌ಗೆ ಬರೆದು ಎಚ್ಚರಿಸಿದ್ದ. ಸೆನೆಟ್ ಅದನ್ನು ಲೆಕ್ಕಿಸದೆ ವಾರಗಳೊಳಗೆ ಅನುಮೋದನೆ ನೀಡಿತು. ಏಪ್ರಿಲ್ 30ರ ನಸುಕಿನಲ್ಲಿ ಮೆನಾವಾ ಎಂಬ ಮುಖಂಡನ ನೇತೃತ್ವದ ತಂಡವೊಂದು ಪರಿಷತ್ತಿನ ಆಜ್ಞೆಯಂತೆ ಮ್ಯಾಕಿಂಟಾಷ್‌ನ ಮನೆಗೆ ಬೆಂಕಿಯಿಟ್ಟು ಅವನನ್ನು ಗುಂಡಿಟ್ಟು ಕೊಂದಿತು. ಮೆನಾವಾ ಹಾರ್ಸ್‌ಶೂ ಬೆಂಡ್‌ನಲ್ಲಿ ಎದುರು ಪಾಳಯದಲ್ಲಿದ್ದು ಗಾಯಗೊಂಡು ಬದುಕುಳಿದವನು. ಜಾರ್ಜಿಯಾದವರ ಕಣ್ಣಿಗೆ ಅದು ಕೊಲೆ. ಪರಿಷತ್ತಿನ ದೃಷ್ಟಿಯಲ್ಲಿ ಕಾನೂನಿನ ಜಾರಿ.

ಮುಂದೆ ನಡೆದದ್ದು ಅಪರೂಪದ ಘಟನೆ. ಒಪೊತ್ಲೆಯಹೋಲ ಎಂಬ ಮಹಾ ವಾಗ್ಮಿಯ ಮುಂದಾಳುತನದಲ್ಲಿ ಕ್ರೀಕ್ ನಿಯೋಗ ವಾಷಿಂಗ್ಟನ್‌ಗೆ ಹೋಗಿ ವಾದಿಸಿತು. ಅಧ್ಯಕ್ಷ ಜಾನ್ ಕ್ವಿನ್ಸಿ ಆ್ಯಡಮ್ಸ್ ಅವರ ಸರ್ಕಾರ 1826ರ ಜನವರಿಯಲ್ಲಿ ಹಿಂದಿನ ಒಪ್ಪಂದವನ್ನು ರದ್ದುಪಡಿಸಿ ಹೊಸದನ್ನು ಮಾಡಿಕೊಂಡಿತು. ವಾದದಲ್ಲಿ ಕ್ರೀಕ್ ಜನ ಗೆದ್ದರು. ಆದರೆ ಹೊಸ ಒಪ್ಪಂದದಲ್ಲೂ ಜಾರ್ಜಿಯಾದ ಬಹುತೇಕ ನೆಲ ಹೋಯಿತು. ಗವರ್ನರ್ ಟ್ರೂಪ್ ಅದಕ್ಕೂ ಒಪ್ಪದೆ ಕೇಂದ್ರದ ವಿರುದ್ಧವೇ ತೋಳೇರಿಸಿದಾಗ, 1827ರಲ್ಲಿ ಉಳಿದ ಚೂರನ್ನೂ ಬಿಟ್ಟುಕೊಡಬೇಕಾಯಿತು.

ಅಲಬಾಮಾದ ಸರದಿ ಬಂದದ್ದು 1832ರಲ್ಲಿ. ಈ ಬಾರಿ ಸಾಮೂಹಿಕ ನೆಲವನ್ನು ಕುಟುಂಬಗಳಿಗೆ ಹಂಚುವ ಉಪಾಯ: 90 ಮುಖಂಡರಿಗೆ ತಲಾ 640 ಎಕರೆ, ಇತರ ಕುಟುಂಬಗಳ ಯಜಮಾನರಿಗೆ ತಲಾ 320 ಎಕರೆ. ಯಾರನ್ನೂ ಬಲವಂತವಾಗಿ ಕಳುಹಿಸುವುದಿಲ್ಲವೆಂದು ಒಪ್ಪಂದದಲ್ಲಿ ಬರೆದಿತ್ತು. ಆದರೆ ಭೂದಲ್ಲಾಳಿಗಳು ಸುಳ್ಳು ಕ್ರಯಪತ್ರಗಳಿಂದ, ಬದಲಿ ಆಸಾಮಿಗಳನ್ನು ನಿಲ್ಲಿಸಿ ಆ ಜಮೀನುಗಳನ್ನು ದೋಚಿದರು. ಹಸಿದ ಜನ 1836ರಲ್ಲಿ ತಿರುಗಿಬಿದ್ದಾಗ ಸೈನ್ಯ ಬಂತು. ದಂಗೆಯೆದ್ದವರ ಜತೆಗೆ ಸುಮ್ಮನಿದ್ದವರನ್ನೂ ಮಿಸಿಸಿಪ್ಪಿಯ ಆಚೆಗೆ ಅಟ್ಟಲಾಯಿತು. ನೂರಾರು ಕ್ರೀಕ್ ಯೋಧರು ಆಗ ಅಮೆರಿಕದ ಪರವಾಗಿ ಫ್ಲಾರಿಡಾದಲ್ಲಿ ಹೋರಾಡುತ್ತಿದ್ದರು, ಅವರ ಕುಟುಂಬಗಳು ಶಿಬಿರಗಳಲ್ಲಿ ಕಾಯುತ್ತಿದ್ದವು. 1837ರ ಅಕ್ಟೋಬರ್ 31ರಂದು ಮಿಸಿಸಿಪ್ಪಿ ನದಿಯಲ್ಲಿ ‘ಮಾನ್ಮತ್’ ಎಂಬ ಹಬೆದೋಣಿ ಮುಳುಗಿ ಸುಮಾರು 300 ಮಂದಿ ವಲಸಿಗರು ಸತ್ತರು.

ಪಶ್ಚಿಮಕ್ಕೆ ಹೋದರೂ ಹಳೆಯ ಗಾಯ ಮಾಯಲಿಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾದಾಗ ಕ್ರೀಕ್ ಮುಖಂಡರ ಒಂದು ಬಣ ದಕ್ಷಿಣದ ಬಂಡುಕೋರ ರಾಜ್ಯಗಳೊಡನೆ ಒಪ್ಪಂದ ಮಾಡಿಕೊಂಡಿತು. ಹತನಾದ ಮ್ಯಾಕಿಂಟಾಷ್‌ನ ಮಕ್ಕಳು ಆ ಪಡೆಗಳಿಗೆ ನಾಯಕರಾದರು. ವೃದ್ಧ ಒಪೊತ್ಲೆಯಹೋಲ ಅಮೆರಿಕಕ್ಕೆ ಕೊಟ್ಟ ಮಾತಿಗೆ ನಿಂತ. ಸಾವಿರಾರು ಜನರನ್ನು ಕಟ್ಟಿಕೊಂಡು, ಬೆನ್ನಟ್ಟಿದವರೊಡನೆ ಕಾದಾಡುತ್ತ, ಆ ಚಳಿಗಾಲದಲ್ಲಿ ಕ್ಯಾನ್ಸಸ್ ತಲುಪಿದ. 1863ರಲ್ಲಿ ನಿರಾಶ್ರಿತನಾಗಿ ಅಲ್ಲೇ ತೀರಿಕೊಂಡ. ಯುದ್ಧ ಮುಗಿದ ಮೇಲೆ, 1866ರ ಒಪ್ಪಂದ ಇಡೀ ಕ್ರೀಕ್ ರಾಷ್ಟ್ರವನ್ನು ದಂಡಿಸಿತು: ಪಶ್ಚಿಮಾರ್ಧದ 32.5 ಲಕ್ಷ ಎಕರೆಯನ್ನು ಎಕರೆಗೆ 30 ಸೆಂಟ್‌ನಂತೆ ಕೊಡಬೇಕಾಯಿತು. ಒಪೊತ್ಲೆಯಹೋಲನ ಹಿಂದೆ ಹಿಮದಲ್ಲಿ ನಡೆದವರ ನೆಲವೂ ಅದರಲ್ಲಿ ಸೇರಿತ್ತು. ಬಂಡೆದ್ದ ಯಾವ ದಕ್ಷಿಣದ ರಾಜ್ಯದಿಂದಲೂ ಕೇಂದ್ರ ಸರ್ಕಾರ ಹೀಗೆ ಅರ್ಧ ನೆಲವನ್ನು ದಂಡವಾಗಿ ವಸೂಲು ಮಾಡಲಿಲ್ಲ.

ಅವರು ತಮ್ಮತಮ್ಮಲ್ಲೇ ಕಚ್ಚಾಡಿ ಹಾಳಾದರು ಎಂದು ಹೇಳುವವರಿದ್ದಾರೆ. ಭಿನ್ನಮತ ಇದ್ದದ್ದು ನಿಜ, ರಕ್ತ ಹರಿದದ್ದೂ ನಿಜ. ಆದರೆ ಭಿನ್ನಮತವಿಲ್ಲದ ಸಮಾಜ ಎಲ್ಲಿದೆ? ಅಮೆರಿಕವೇ ಎರಡು ಹೋಳಾಗಿ ನಾಲ್ಕು ವರ್ಷ ಬಡಿದಾಡಲಿಲ್ಲವೇ? ನನಗೆ ಕಾಣುವಂತೆ ಇಲ್ಲಿನ ಅನ್ಯಾಯ ಬೇರೆಯೇ ಇದೆ. ಸಹಿ ಪಡೆಯುವಾಗ ಒಂದು ಬಣ ಸಾಕಾಗುತ್ತಿತ್ತು. ಬೆಲೆ ತೆರುವಾಗ ಎಲ್ಲ ಬಣಗಳೂ ಬೇಕಾಗುತ್ತಿದ್ದವು. ಯಾರು ಪ್ರತಿನಿಧಿ ಎಂಬುದನ್ನು ತೀರ್ಮಾನಿಸುವ ಹಕ್ಕು ಆ ಜನರ ಕೈಯಲ್ಲಿರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಇದು ಇನ್ನೂ ನೇರವಾಯಿತು. ಉಳಿದ ನೆಲವನ್ನೂ ತಲಾ 160 ಎಕರೆಯಂತೆ ಹಂಚುವುದನ್ನು ಚಿಟ್ಟೊ ಹಾರ್ಜೊ ಎಂಬ ಮುಖಂಡ ವಿರೋಧಿಸಿದ. 1901ರಲ್ಲಿ ಆತನ ಬಂಧನವಾಯಿತು. 1907ರಲ್ಲಿ ಒಕ್ಲಹೋಮಾ ರಾಜ್ಯ ಹುಟ್ಟಿತು. ಆ ಬಳಿಕ ದಶಕಗಳ ಕಾಲ ಕ್ರೀಕ್ ಜನರ ಪ್ರಧಾನ ಮುಖಂಡನನ್ನು ಅಮೆರಿಕದ ಸರ್ಕಾರವೇ ನೇಮಿಸುತ್ತಿತ್ತು. 1970ರ ಕಾನೂನಿನ ನಂತರವಷ್ಟೇ ಚುನಾವಣೆಗೆ ದಾರಿಯಾಯಿತು. ಪರಿಷತ್ತನ್ನು ಬದಿಗೊತ್ತಿ ಮುಖಂಡನೊಬ್ಬನನ್ನೇ ಇಡೀ ಸರ್ಕಾರವೆಂದು ಪರಿಗಣಿಸಿದ್ದು ಅಕ್ರಮವೆಂದು 1976ರಲ್ಲಿ ಫೆಡರಲ್ ನ್ಯಾಯಾಲಯವೊಂದು ಹೇಳಿತು. ಆ ನೀತಿಯನ್ನು ಅಧಿಕಾರಶಾಹಿಯ ಸಾಮ್ರಾಜ್ಯಶಾಹಿ ಎಂದೇ ಕರೆಯಿತು.

ದಂಡವಾಗಿ ಬಂದ 1866ರ ಒಪ್ಪಂದವೇ 2020ರಲ್ಲಿ ಕ್ರೀಕ್ ರಾಷ್ಟ್ರದ ಗಡಿಗಳನ್ನು ಉಳಿಸಿಕೊಟ್ಟಿತು. ಅದೇ ಒಪ್ಪಂದದಲ್ಲಿ ಇನ್ನೊಂದು ಮಾತೂ ಇದೆ. ಕ್ರೀಕ್ ಸಿರಿವಂತರು ಕಪ್ಪು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು. ಬಿಡುಗಡೆಗೊಂಡ ಅವರಿಗೂ ಅವರ ಸಂತತಿಗೂ ಸಮಾನ ಪೌರತ್ವ ನೀಡಬೇಕೆಂದು ಅಲ್ಲಿ ಬರೆದಿದೆ. 1979ರ ಕ್ರೀಕ್ ಸಂವಿಧಾನ ‘ರಕ್ತಸಂಬಂಧ’ದ ಷರತ್ತು ಹಾಕಿ ಅವರನ್ನು ಹೊರಗಿಟ್ಟಿತು. 2025ರ ಜುಲೈನಲ್ಲಿ ಕ್ರೀಕ್ ರಾಷ್ಟ್ರದ ಸ್ವಂತ ಸುಪ್ರೀಂ ಕೋರ್ಟ್, ಒಪ್ಪಂದದಂತೆ ಅವರ ವಂಶಸ್ಥರೂ ಪೌರತ್ವಕ್ಕೆ ಅರ್ಹರೆಂದು ತೀರ್ಪು ನೀಡಿತು.

ಈ ತೀರ್ಪು ಎಲ್ಲರಿಗೂ ರುಚಿಸಿಲ್ಲ. ತಮ್ಮ ಸದಸ್ಯರು ಯಾರೆಂಬುದನ್ನು ತಾವೇ ತೀರ್ಮಾನಿಸಬೇಕು, 1866ರಲ್ಲಿ ವಾಷಿಂಗ್ಟನ್ ಹೇರಿದ ಷರತ್ತಲ್ಲ ಎಂಬ ವಾದ ಅವರದು. ಇಷ್ಟೆಲ್ಲ ಕಂಡ ಜನರ ಈ ಅನುಮಾನ ನನಗೆ ಅರ್ಥವಾಗುತ್ತದೆ. ಆದರೆ ಗಡಿಯ ವಿಷಯದಲ್ಲಿ ಒಪ್ಪಂದವನ್ನು ಎತ್ತಿಹಿಡಿದು ಪೌರತ್ವದ ವಿಷಯದಲ್ಲಿ ಅದನ್ನೇ ಬದಿಗಿಡುವುದು ನ್ಯಾಯವೆನಿಸದು. ರಾಷ್ಟ್ರದ ಹೆಸರಿನಲ್ಲಿ ಮಾತನಾಡುವವರು ಯಾರು, ಆ ಹೆಸರಿನೊಳಗೆ ಸೇರುವವರು ಯಾರು ಎಂಬ ಪ್ರಶ್ನೆಯನ್ನು ಎರಡು ಶತಮಾನ ಹೊರಗಿನವರು ತಮಗೆ ಬೇಕಾದಂತೆ ಬಿಡಿಸಿದರು. ಈಗ ಅದನ್ನು ಕ್ರೀಕ್ ನ್ಯಾಯಾಲಯವೇ ವಿಚಾರಿಸಿ ತನ್ನವರನ್ನೇ ಹೊಣೆಗಾರರನ್ನಾಗಿಸಿದೆ. ಸ್ವಯಮಾಡಳಿತ ಎಂಬ ಮಾತಿಗೆ ಇದಕ್ಕಿಂತ ಗಟ್ಟಿಯಾದ ಪುರಾವೆ ಬೇಕಿಲ್ಲ ಎಂದು ನನಗನಿಸುತ್ತದೆ.