ಮಸಲ್ ಕಾರಿನ ಎಂಜಿನ್ ಹಿಂದೆ ಸರಿದಾಗ

ಅಮೆರಿಕದ ಮಸಲ್ ಕಾರುಗಳಿಗೆ ಮೂಗುಭಾರ ಹುಟ್ಟಿನಿಂದಲೇ ಅಂಟಿಕೊಂಡಿದೆ. ಸಂಸಾರಸ್ಥರಿಗೆಂದು ಮಾಡಿದ ಕಾರಿಗೆ ಅದಕ್ಕಿಂತ ದೊಡ್ಡ ಕಾರಿನ ವಿ8 ಎಂಜಿನ್ ಕೂರಿಸುವುದೇ ಆ ಕಾಲದ ಸೂತ್ರವಾಗಿತ್ತು. 1964ರಲ್ಲಿ ಪಾಂಟಿಯಾಕ್ ಕಂಪನಿ ತನ್ನ ಟೆಂಪೆಸ್ಟ್‌ಗೆ 6.4 ಲೀಟರಿನ ಎಂಜಿನ್ ಇಟ್ಟು ಜಿಟಿಒ ಎಂಬ ಹೆಸರಿನಲ್ಲಿ ಮಾರಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಬಂದ ಫೋರ್ಡ್ ಮಸ್ಟ್ಯಾಂಗ್‌ನ ತಳಪಾಯ ಫಾಲ್ಕನ್ ಎಂಬ ಸಾಧಾರಣ ಕಾರಿನದು. 1967ರ ಮಾದರಿಯಾಗಿ ಷೆವ್ರೊಲೆ ಕಮಾರೋ ಅದಕ್ಕೆ ಎದುರಾಳಿಯಾಗಿ ಬಂತು. ಈ ಎರಡು ಕಾರುಗಳ ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ, 108 ಅಂಗುಲ (274 ಸೆಂ.ಮೀ.). ದೊಡ್ಡ ಗಾತ್ರದ ಎರಕದ ಕಬ್ಬಿಣದ ವಿ8 ಒಂದೇ 300 ಕಿಲೋ ಆಸುಪಾಸು ತೂಗುತ್ತದೆ. ಅದನ್ನು ಹೊತ್ತ ಕಾರಿನಲ್ಲಿ ಒಟ್ಟು ತೂಕದ ಶೇ 57-58ರಷ್ಟು ಮುಂದಿನ ಎರಡು ಚಕ್ರಗಳ ಮೇಲೇ ಬೀಳುವುದು ಸಾಮಾನ್ಯ.

ಇದರ ಫಲ ಎರಡು ಕಡೆ ಕಾಣುತ್ತದೆ. ಎಂಜಿನ್ನಿನ ಬಲ ಹೋಗುವುದು ಹಿಂದಿನ ಚಕ್ರಗಳಿಗೆ, ಆದರೆ ಅವುಗಳನ್ನು ನೆಲಕ್ಕೆ ಒತ್ತುವ ಭಾರ ಸಾಲದು. ಹಾಗಾಗಿ ಆಕ್ಸಿಲರೇಟರ್ ಒತ್ತಿದೊಡನೆ ಟೈರು ಹೊಗೆಯೆಬ್ಬಿಸಿಕೊಂಡು ನಿಂತಲ್ಲೇ ಸುತ್ತುತ್ತದೆ. ತಿರುವಿನಲ್ಲಿ ಮುಂದಿನ ಟೈರುಗಳಿಗೆ ಹೊರೆ ಮಿತಿಮೀರಿ, ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರಿನ ಮೂತಿ ಹೊರಹೊರಗೇ ಸಾಗುತ್ತದೆ.

ಎಂಜಿನ್ನನ್ನು ಒಂದಷ್ಟು ಹಿಂದೆ ಸರಿಸುವ ಮಾರ್ಪಾಡು ಈ ಎರಡೂ ತೊಂದರೆಗಳಿಗೆ ಮದ್ದು. ಆದರೆ ತಕ್ಕಡಿಯಲ್ಲಿ ಅದರ ಲಾಭ ಎಣಿಸಿದಷ್ಟಿಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರಿ 340 ಕಿಲೋ ಎಂದುಕೊಂಡು, ಎರಡನ್ನೂ 25 ಸೆಂ.ಮೀ. ಹಿಂದೆ ಸರಿಸಿದರೆ ಮುಂದಿನಿಂದ ಹಿಂದಿನ ಆಕ್ಸಲ್‌ಗೆ ವರ್ಗವಾಗುವ ಭಾರವನ್ನು ಸುಲಭವಾಗಿ ಲೆಕ್ಕ ಹಾಕಬಹುದು: 340ನ್ನು 25ರಿಂದ ಗುಣಿಸಿ 274ರಿಂದ ಭಾಗಿಸಿದರೆ ಸಿಗುವುದು 31 ಕಿಲೋ. ಒಂದೂವರೆ ಟನ್ ಕಾರಿನಲ್ಲಿ ಅದು ಶೇ 2 ಮಾತ್ರ. 20 ಕಿಲೋ ಬ್ಯಾಟರಿಯನ್ನು ರೇಡಿಯೇಟರಿನ ಪಕ್ಕದಿಂದ ಕಿತ್ತು ಮೂರೂವರೆ ಮೀಟರ್ ಹಿಂದೆ, ಡಿಕ್ಕಿಯಲ್ಲಿ ಇಟ್ಟರೂ 25 ಕಿಲೋ ಭಾರ ಹಿಂದಕ್ಕೆ ಹೋಗುತ್ತದೆ. ಆ ಕೆಲಸಕ್ಕೆ ಒಂದು ಮಧ್ಯಾಹ್ನ ಮತ್ತು ಉದ್ದನೆಯ ದಪ್ಪ ತಂತಿ ಸಾಕು.

ಹಾಗಿದ್ದರೆ ಇಷ್ಟು ಪಡಿಪಾಟಲು ಏಕೆ? ತೂಕ ಎಷ್ಟಿದೆ ಎಂಬುದರಷ್ಟೇ ಅದು ನಡುವಿನಿಂದ ಎಷ್ಟು ದೂರದಲ್ಲಿದೆ ಎಂಬುದೂ ಮುಖ್ಯ. ಕಾವಡಿಯ ಎರಡು ತುದಿಗೆ ಕೊಡ ತೂಗುಹಾಕಿಕೊಂಡವನು ಗಕ್ಕನೆ ಹೊರಳಲಾರ; ಅದೇ ಕೊಡಗಳನ್ನು ಎದೆಗವಚಿಕೊಂಡರೆ ಹೊರಳಬಲ್ಲ. ತಿರುಗುವಿಕೆಗೆ ವಸ್ತು ಒಡ್ಡುವ ಈ ಜಡತೆ ದೂರದ ವರ್ಗದ ಪ್ರಮಾಣದಲ್ಲಿ ಬೆಳೆಯುತ್ತದೆ. ಕಾರಿನ ಗುರುತ್ವ ಕೇಂದ್ರದಿಂದ 110 ಸೆಂ.ಮೀ. ಮುಂದಿದ್ದ ಎಂಜಿನ್ 25 ಸೆಂ.ಮೀ. ಹಿಂದೆ ಬಂದಾಗ, ಗುರುತ್ವ ಕೇಂದ್ರವೂ ತುಸು ಹಿಂದೆ ಸರಿಯುವುದರಿಂದ, ಉಳಿಯುವ ಅಂತರ ಸುಮಾರು 90 ಸೆಂ.ಮೀ. ಆದರೂ ಎಂಜಿನ್ನಿನ ಪಾಲಿನ ಜಡತೆ ಮೂರನೇ ಒಂದರಷ್ಟು ಇಳಿಯುತ್ತದೆ. ಡಿಕ್ಕಿಗೆ ಹೋದ ಬ್ಯಾಟರಿ ತಕ್ಕಡಿಯನ್ನು ಒಲಿಸಿಕೊಳ್ಳುತ್ತದೆಯೇ ಹೊರತು ಇಂಥ ಉಪಕಾರ ಮಾಡುವುದಿಲ್ಲ. ಅದು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿರುತ್ತದೆ, ಅಷ್ಟೆ.

ಈ ವಿದ್ಯೆಯನ್ನು ಪಳಗಿಸಿದವರು ಡ್ರ್ಯಾಗ್ ರೇಸಿನವರು. ಕಾಲು ಮೈಲಿ ನೇರ ಓಟದಲ್ಲಿ ಅವರಿಗೆ ಬೇಕಾದದ್ದು ಹಿಂದಿನ ಟೈರಿನ ಹಿಡಿತ. ಅಮೆರಿಕದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ತನ್ನ 'ಗ್ಯಾಸರ್' ವರ್ಗದಲ್ಲಿ ವೀಲ್‌ಬೇಸಿನ ಶೇ 10ರಷ್ಟು, 'ಆಲ್ಟರ್ಡ್' ವರ್ಗದಲ್ಲಿ ಶೇ 25ರಷ್ಟು ಎಂಜಿನ್ ಹಿಂದೆ ಸರಿಸಲು ಅವಕಾಶ ಕೊಟ್ಟಿತ್ತು. ಅಳತೆ ಮುಂದಿನ ಚಕ್ರದ ನಡುಗೆರೆಯಿಂದ ಮೊದಲ ಸ್ಪಾರ್ಕ್ ಪ್ಲಗ್ಗಿನವರೆಗೆ. 1965ರಲ್ಲಿ ಕ್ರೈಸ್ಲರ್ ಕಂಪನಿಯೇ ಈ ಲೆಕ್ಕವನ್ನು ತಿರುವುಮುರುವು ಮಾಡಿತು. ಎಂಜಿನ್ನನ್ನು ಅಲ್ಲೇ ಬಿಟ್ಟು ಮುಂದಿನ ಚಕ್ರಗಳನ್ನು 10 ಅಂಗುಲ, ಹಿಂದಿನವನ್ನು 15 ಅಂಗುಲ ಮುಂದಕ್ಕೆ ತಂದ ಡಾಡ್ಜ್ ಮತ್ತು ಪ್ಲಿಮತ್ ಕಾರುಗಳು ಹೊರಬಂದವು. ಚಕ್ರಗಳ ಲೆಕ್ಕದಲ್ಲಿ ಇಡೀ ಕಾರೇ ಹಿಂದೆ ಸರಿದಂತಾಯಿತು. ವಿಚಿತ್ರವಾಗಿ ಕಾಣುತ್ತಿದ್ದ ಇವುಗಳಿಂದಲೇ 'ಫನ್ನಿ ಕಾರ್' ಎಂಬ ವರ್ಗ ಬೆಳೆಯಿತು.

ಅತಿಯಾದರೆ ಏನಾಗುತ್ತದೆ ಎಂಬುದಕ್ಕೂ ಅದೇ ವರ್ಷದ ನಿದರ್ಶನವಿದೆ. ಹರ್ಸ್ಟ್ ಕಂಪನಿ ಪ್ಲಿಮತ್ ಬಾರಾಕುಡಾದ ವಿಶಾಲವಾದ ಹಿಂಗಾಜಿನಡಿ ಏಳು ಲೀಟರಿನ ಹೆಮಿ ಎಂಜಿನ್ ಕೂರಿಸಿತು. ಹಿಡಿತವೇನೋ ಸಿಕ್ಕಿತು, ಆದರೆ ಮುಂದಿನ ಚಕ್ರಗಳು ಗಾಳಿಗೆ ಎದ್ದವು. 'ಹೆಮಿ ಅಂಡರ್ ಗ್ಲಾಸ್' ಎಂಬ ಆ ಕಾರು ಹಿಂಗಾಲಲ್ಲಿ ನಿಂತು ಓಡುವ ಪ್ರದರ್ಶನದಿಂದಲೇ ಹೆಸರು ಮಾಡಿತು.

ವರ್ಕ್‌ಶಾಪಿನಲ್ಲಿ ಮೊದಲ ಕತ್ತರಿ ಬೀಳುವುದು ಫೈರ್‌ವಾಲ್‌ಗೆ, ಎಂದರೆ ಎಂಜಿನ್ ಮತ್ತು ಪ್ರಯಾಣಿಕರ ನಡುವಿನ ಉಕ್ಕಿನ ತಡೆಗೋಡೆಗೆ. ಎಂಜಿನ್ನಿನ ಹಿಂಬದಿ ಒಳಸೇರುವಂತೆ ಅದನ್ನು ಗೂಡಿನಂತೆ ಕೊರೆದು ಹೊಸ ತಗಡು ಬೆಸೆಯುತ್ತಾರೆ. ಅದರ ಮೇಲಿದ್ದ ಹೀಟರ್, ವೈಪರ್ ಮೋಟರ್, ಬ್ರೇಕ್ ಬೂಸ್ಟರ್ ಬೇರೆ ಜಾಗ ಹುಡುಕಬೇಕು. ಷೆವ್ರೊಲೆ ವಿ8ರಲ್ಲಿ ಇನ್ನೊಂದು ಕಿರಿಕಿರಿ: ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಅದರ ಡಿಸ್ಟ್ರಿಬ್ಯೂಟರ್ ಇರುವುದೇ ಎಂಜಿನ್ನಿನ ಹಿಂಭಾಗದಲ್ಲಿ. ಎಂಜಿನ್ ಗೂಡಿಗೆ ಸೇರಿದ ಮೇಲೆ ಅದರ ಕ್ಯಾಪ್ ಬಿಚ್ಚಲು ಕೈ ತೂರುವುದಿಲ್ಲ. ಡ್ಯಾಶ್‌ಬೋರ್ಡಿನ ಕಡೆಯಿಂದ ತೆಗೆಯುವ ಮುಚ್ಚಳ ಮಾಡಿಕೊಳ್ಳಬೇಕಾಗುತ್ತದೆ. ಫೋರ್ಡ್ ವಿ8ರಲ್ಲಿ ಅದು ಮುಂಭಾಗದಲ್ಲಿರುವುದರಿಂದ ಆ ಗೋಳಿಲ್ಲ. ಆದರೆ ಮಸ್ಟ್ಯಾಂಗ್‌ನಲ್ಲಿ ಸಂಪಿನ, ಅಂದರೆ ಎಂಜಿನ್ನಿನಡಿಯ ಎಣ್ಣೆ ತೊಟ್ಟಿಯ, ಆಳದ ಭಾಗ ಮುಂದಿರುವುದರಿಂದ ಎಂಜಿನ್ ಹಿಂದೆ ಸರಿದಾಗ ಅಡ್ಡತೊಲೆಗೆ ತಾಗದಂತೆ ಬೇರೆ ಸಂಪ್ ಹುಡುಕಬೇಕಾಗಬಹುದು.

ಕಾರಿನ ಮೈಕಟ್ಟನ್ನೂ ಗಮನಿಸಬೇಕು. ಷೆವ್ರೊಲೆಯ ಷೆವೆಲ್‌ನಂಥ ಕಾರಿಗೆ ಕೆಳಗೆ ಪ್ರತ್ಯೇಕ ಚಾಸಿ ಇದೆ. ಮಸ್ಟ್ಯಾಂಗ್‌ಗೆ ತಗಡಿನ ಮೈಯೇ ಎಲುಬು. ಫೈರ್‌ವಾಲ್ ಕೊರೆದರೆ ಕಾರು ತಿರುಚಿಕೊಳ್ಳುತ್ತದೆ. ಅದಕ್ಕೆ ಉಕ್ಕಿನ ಕೊಳವೆಗಳ ಪಂಜರ, ನೆಲದಡಿ ಆಸರೆ ತೊಲೆಗಳು ಅನಿವಾರ್ಯ. ಗೇರ್‌ಬಾಕ್ಸ್ ಹಿಂದೆ ಬಂದಂತೆ ನೆಲದ ಸುರಂಗ ಅಗಲವಾಗಿ ಪೆಡಲುಗಳ ಜಾಗ ಇಕ್ಕಟ್ಟಾಗುತ್ತದೆ, ಚಾಲಕನ ಸೀಟೂ ಹಿಂದೆ ಸರಿಯಬೇಕಾಗುತ್ತದೆ. ಪ್ರೊಪೆಲ್ಲರ್ ಶಾಫ್ಟನ್ನು ಅಷ್ಟೇ ಮೊಟಕುಗೊಳಿಸಬೇಕು. ಶಾಫ್ಟ್ ಗಿಡ್ಡವಾದಷ್ಟೂ ಅದರ ಕೋನ ಹೆಚ್ಚುತ್ತದೆ. ಎರಡೂ ತುದಿಯ ಜಾಯಿಂಟುಗಳ ಕೋನ ಹೊಂದಿಕೆಯಾಗದಿದ್ದರೆ ವೇಗ ಏರಿದಾಗ ಕಾರೆಲ್ಲ ನಡುಗುತ್ತದೆ.

ರೇಡಿಯೇಟರ್ ಮಾತ್ರ ಮುಂದೆಯೇ ಉಳಿಯುತ್ತದೆ. ಎಂಜಿನ್ ತಿರುಗಿಸುತ್ತಿದ್ದ ಫ್ಯಾನ್ ಅದರಿಂದ ದೂರವಾಗುವುದರಿಂದ ವಿದ್ಯುತ್ ಫ್ಯಾನ್ ಹಾಕುವುದು ವಾಡಿಕೆ. ಎಕ್ಸಾಸ್ಟ್ ಕೊಳವೆಗಳು ಕಾಲಿನ ಹತ್ತಿರವೇ ಬಂದಿರುತ್ತವೆ. ಶಾಖನಿರೋಧಕ ಹೊದಿಕೆಯಿಲ್ಲದೆ ಕೂರಲಾಗದು.

ಕಡೆಗೆ ಬ್ರೇಕು. ಕಾರ್ಖಾನೆಯವರು ಮೂಗುಭಾರದ ಕಾರಿಗೆಂದು ಹಿಂದಿನ ಬ್ರೇಕಿಗೆ ಕಡಿಮೆ ಪಾಲು ಕೊಟ್ಟಿರುತ್ತಾರೆ. ಈಗ ಹಿಂದಿನ ಟೈರುಗಳು ಹೆಚ್ಚು ಕೆಲಸ ಮಾಡಬಲ್ಲವು. ಆದ್ದರಿಂದ ಒತ್ತಡವನ್ನು ಮುಂದೆ-ಹಿಂದೆ ಹಂಚುವ ಕವಾಟ ಅಳವಡಿಸಿ, ನಾಲ್ಕು ಚಕ್ರಗಳನ್ನೂ ಬೇರೆ ಬೇರೆ ತೂಕಯಂತ್ರದ ಮೇಲೆ ನಿಲ್ಲಿಸಿ ನೋಡಿ, ಸ್ಪ್ರಿಂಗುಗಳ ಎತ್ತರ ಸರಿಪಡಿಸುತ್ತಾರೆ. ತೂಗುವಾಗ ಚಾಲಕನೂ ಸೀಟಿನಲ್ಲಿರಬೇಕು, ಟ್ಯಾಂಕಿನಲ್ಲಿ ಎಂದಿನಷ್ಟು ಪೆಟ್ರೋಲೂ ಇರಬೇಕು.