ನಮ್ಮೂರಿಗೆ ಟಿ.ವಿ. ಕೊಟ್ಟ ಹೈದರಾಬಾದಿನ ಕಾರ್ಖಾನೆ

ಹೈದರಾಬಾದಿನ ಸಿಟಿ ಬಸ್ಸುಗಳ ಹಣೆಯ ಮೇಲೆ ‘ಇ.ಸಿ.ಐ.ಎಲ್.’ ಎಂಬ ಬೋರ್ಡನ್ನು ಕಾಣದವರು ನಮ್ಮ ಸಂಘದಲ್ಲಿ ಯಾರೂ ಇರಲಾರರು. ಅದೊಂದು ಬಡಾವಣೆಯ ಹೆಸರೆಂದೇ ನಾನು ಬಹುದಿನ ತಿಳಿದಿದ್ದೆ. ರಾಯಚೂರು ಕಡೆಯ ಹಳ್ಳಿಯಿಂದ ಬಂದ ತಂದೆಯವರು ಆ ಬೋರ್ಡನ್ನು ಓದಿ, “ನಮ್ಮೂರಿಗೆ ಟಿ.ವಿ. ಕೊಟ್ಟ ಕಂಪನಿ ಇದ ಅಲ್ಲೇನೊ?” ಎಂದು ಕೇಳಿದಾಗಲೇ ನನ್ನ ಅಜ್ಞಾನ ನನಗೆ ತಿಳಿದುದು.

ಅವರು ಹೇಳಿದ್ದು ನಿಜ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ತಲುಪಿಸುವ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳಿಗೆ ಆ ಭಾಗ್ಯ. ಸೆಟ್ಟುಗಳು ತಯಾರಾದದ್ದು ಇದೇ ಕಾರ್ಖಾನೆಯಲ್ಲಿ. ತಂತಿಬಲೆಯ ದೊಡ್ಡ ಛತ್ರಿಯೊಂದು ಆಕಾಶಕ್ಕೆ ಮುಖಮಾಡಿ ನಿಂತಿತ್ತಂತೆ. ಸಂಜೆಯಾದರೆ ಊರಿಗೆ ಊರೇ ಚಾಪೆ ಹಾಸಿ ಕೂಡುತ್ತಿತ್ತಂತೆ. ಪೆಟ್ಟಿಗೆಯೊಳಗಿನ ಮನುಷ್ಯ ಕನ್ನಡದಲ್ಲಿ ಮಾತನಾಡಿದನಲ್ಲ ಎಂಬ ಸೋಜಿಗ ತಂದೆಯವರಿಗೆ ಇಂದಿಗೂ ಆರಿಲ್ಲ. ವರ್ಷ ತುಂಬಿತು, ಪ್ರಯೋಗ ಮುಗಿಯಿತು. ಆಮೇಲೆಯೂ ಕೆಲವು ದಿನ ಮುದುಕರು ಅಭ್ಯಾಸಬಲದಿಂದ ಅಲ್ಲಿಯೇ ಹೋಗಿ ಕೂಡುತ್ತಿದ್ದರಂತೆ.

ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಎಂಬುದು ಇದರ ಪೂರ್ಣ ನಾಮಧೇಯ. 1967ರ ಏಪ್ರಿಲ್ 11ರಂದು ಪರಮಾಣು ಶಕ್ತಿ ಇಲಾಖೆಯ ಆಶ್ರಯದಲ್ಲಿ ಇದು ಹುಟ್ಟಿತು. ಕಟ್ಟಿ ಬೆಳೆಸಿದವರು ಡಾ. ಎ. ಎಸ್. ರಾವ್, ಎ. ಎಸ್. ರಾವ್ ನಗರದಲ್ಲಿ ವಾಸವಾಗಿರುವ ನಮ್ಮ ಕುಟುಂಬಗಳು ದಿನವೂ ಬರೆಯುವ ವಿಳಾಸ ಅವರದೇ ಹೆಸರು. ಮುಂಬಯಿಯ ಟ್ರಾಂಬೆಯಲ್ಲಿ ಪರಮಾಣು ಸ್ಥಾವರಕ್ಕೆ ಬೇಕಾದ ಉಪಕರಣಗಳನ್ನು ಸ್ವದೇಶದಲ್ಲಿಯೇ ಮಾಡಿ ಕೈಪಳಗಿದವರು ಇಲ್ಲಿಗೆ ಬಂದರು. 1969ರಲ್ಲಿ ಟಿ.ಡಿ.ಸಿ.-12 ಎಂಬ ಕಂಪ್ಯೂಟರನ್ನು ಹೊರತಂದರು. ಟಿ.ಡಿ.ಸಿ. ಎಂದರೆ ಟ್ರಾಂಬೆ ಡಿಜಿಟಲ್ ಕಂಪ್ಯೂಟರ್. ತವರಿನ ಹೆಸರನ್ನು ಬಿಟ್ಟಿರಲಿಲ್ಲ, ನಮ್ಮ ಹಾಗೆಯೇ!

ಇವರ ‘ಇ.ಸಿ. ಟಿ.ವಿ.’ ಒಂದು ಕಾಲಕ್ಕೆ ಮಧ್ಯಮ ವರ್ಗದ ಮನೆಗಳಲ್ಲಿ ಕಸೂತಿ ಹೊದಿಕೆ ಹೊದ್ದು ಮೆರೆಯಿತು. 1982ರಲ್ಲಿ ಏಷ್ಯನ್ ಕ್ರೀಡೆಗಳೊಡನೆ ಬಣ್ಣದ ಟಿ.ವಿ. ಬಂದಿತು, ವಿದೇಶದ ಬಿಡಿಭಾಗಗಳನ್ನು ತರಿಸಿ ಜೋಡಿಸಿ ಮಾರುವ ಖಾಸಗಿಯವರೂ ಹೆಚ್ಚಿದರು. ಆ ಪೈಪೋಟಿಯಲ್ಲಿ ಸರ್ಕಾರಿ ಕಾರ್ಖಾನೆ ಹಿಂದೆ ಬಿದ್ದಿತು. ಫೈಲು ನಡೆಯುವ ವೇಗವನ್ನು ಬಲ್ಲ ನನಗೆ ಇದರಲ್ಲಿ ಆಶ್ಚರ್ಯವಿಲ್ಲ, ವ್ಯಥೆಯುಂಟು. ಇಂದು ಅಂಗಡಿಗಳಲ್ಲಿ ಆ ಹೆಸರಿನ ಸೆಟ್ಟಿಲ್ಲ.

ಹಾಗೆಂದು ಕಾರ್ಖಾನೆ ಸುಮ್ಮನೆ ಕುಳಿತಿಲ್ಲ. 2008ರಲ್ಲಿ ಚಂದ್ರಯಾನದ ಸಂಕೇತಗಳನ್ನು ಹಿಡಿಯಲು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ನಿಂತ 32 ಮೀಟರ್ ಅಗಲದ ಆಂಟೆನಾ ಇವರದೇ ಕೈಕೆಲಸ. ಮತಯಂತ್ರವಂತೂ ಸರಿಯೆ. 1982ರಲ್ಲಿ ಕೇರಳದ ಪರವೂರಿನಲ್ಲಿ 50 ಮತಗಟ್ಟೆಗಳಲ್ಲಿ ಅದರ ಮೊದಲ ಪರೀಕ್ಷೆ ನಡೆಯಿತು. ಅದನ್ನು ಇಂದು ತಯಾರಿಸುವವರು ಇಬ್ಬರೇ: ಬೆಂಗಳೂರಿನ ಬಿ.ಇ.ಎಲ್. ಮತ್ತು ಹೈದರಾಬಾದಿನ ಇ.ಸಿ.ಐ.ಎಲ್.

ಕಳೆದ ಚುನಾವಣೆಯ ಕರ್ತವ್ಯದ ಮೇಲೆ ಹೋದಾಗ ಯಂತ್ರ ನನ್ನ ಮಡಿಲಲ್ಲಿತ್ತು. ವ್ಯಾನು ಕುಲುಕುತ್ತಿದ್ದಂತೆ ತಯಾರಕರ ಹೆಸರನ್ನು ಹುಡುಕಿ ಓದಿದೆ. ಮನೆಗೆ ಬಂದೊಡನೆ ತಂದೆಯವರಿಗೆ ಫೋನು ಮಾಡಿ ಹೇಳಿದೆ. “ಜೋಪಾನ ಹಿಡಕೊಂಡಿದ್ದೆಲ್ಲೋ?” ಎಂದರು.