ಚೈನ್ ಎಸೆಯೋ ಆ ರೀಲ್ ನೋಡಿದ್ದೀರಾ? ತೈಲ ರಿಗ್‌ನಲ್ಲಿ ಭಾರದ ಪೈಪ್ ಸಾಗಿಸೋದು ಹೀಗೆ



ಒಂದು ರೀಲ್‌ನಿಂದ ಶುರು ಮಾಡ್ತೀನಿ. ನಿಮ್ಮಲ್ಲಿ ಸುಮಾರು ಜನ ಇದನ್ನ ನೋಡಿರ್ತೀರಿ. ಮೈಯೆಲ್ಲಾ ಕೆಸರು ಮೆತ್ತಿಕೊಂಡಿರೋ ಮೂರು ಜನ ಹುಡುಗರು, ನಡುವೆ ನಿಂತಿರೋ ದಪ್ಪ ಉಕ್ಕಿನ ಪೈಪು. ಒಬ್ಬ ಕೈಯಲ್ಲಿದ್ದ ಚೈನನ್ನ ಬೀಸಿ ಎಸೀತಾನೆ. ಅದು ಹಾವಿನ ಥರ ಪೈಪಿಗೆ ಸುತ್ತಿಕೊಳ್ಳತ್ತೆ. ಮರುಕ್ಷಣ ಯಂತ್ರ ಚೈನ್ ಎಳೆಯತ್ತೆ, ಪೈಪು ಗಿರಗಿರ ತಿರುಗಿ ಕೆಳಗಿನ ಪೈಪಿಗೆ ಕೂತ್ಕೊಳ್ಳತ್ತೆ. ಹಿಂದೆ ಒಂದು ಜೋರು ಹಾಡು. ನಾನೂ ಅದನ್ನ ಲೈಕ್ ಮಾಡಿದ್ದೆ, ಇಬ್ಬರು ಸ್ನೇಹಿತರಿಗೆ ಕಳಿಸಿದ್ದೆ ಕೂಡ. "ಏನ್ ಗುಂಡಿಗೆ ಗುರು ಇವರದ್ದು" ಅಂತ.

ಆಮೇಲೆ ನಮ್ಮ ಕೇಳುಗರೊಬ್ಬರಿಂದ ಒಂದು ವಾಯ್ಸ್ ಮೆಸೇಜ್ ಬಂತು. "ಅಣ್ಣಾ, ನಾನು ಐಟಿಐ ಫಿಟ್ಟರ್ ಮಾಡಿದ್ದೀನಿ. ಗಲ್ಫ್‌ನಲ್ಲಿ ರಿಗ್ ಕೆಲಸ ಇದೆ, ಫ್ಲೋರ್‌ಮನ್ ಪೋಸ್ಟು ಅಂತ ಏಜೆಂಟ್ ಹೇಳ್ತಿದಾರೆ. ರೀಲ್‌ನಲ್ಲಿ ತೋರಿಸ್ತಾರಲ್ಲ, ಅದೇ ಕೆಲಸಾನಾ? ಹೋಗ್ಬೋದಾ?" ನಾನು ತಕ್ಷಣ ಉತ್ತರ ಕೊಡಲಿಲ್ಲ, ಯಾಕಂದ್ರೆ ನನಗೇ ಗೊತ್ತಿರಲಿಲ್ಲ. ಓದಿ, ತಿಳ್ಕೊಂಡು ಇವತ್ತು ಉತ್ತರ ಕೊಡ್ತಿದ್ದೀನಿ.

ಮೊದಲು, ಪೈಪಿನ ಭಾರ ಎಷ್ಟು?

ನಮ್ಮೂರಲ್ಲಿ ಬೋರ್‌ವೆಲ್ ಲಾರಿ ಬಂದಾಗ ನೋಡಿರ್ತೀರಲ್ವಾ? ಇಪ್ಪತ್ತು ಅಡಿಯ ರಾಡುಗಳನ್ನ ಒಂದರ ಮೇಲೊಂದು ಜೋಡಿಸ್ತಾ ಕೆಳಗೆ ಇಳಿಸ್ತಾರೆ. ತೈಲ ಬಾವಿಯಲ್ಲೂ ಮೂಲ ತತ್ವ ಅದೇ, ಆದ್ರೆ ಅಳತೆ ಬೇರೆ. ಅಲ್ಲಿ ಸಾಮಾನ್ಯವಾಗಿ ಬಳಸೋ 5 ಇಂಚಿನ ಡ್ರಿಲ್ ಪೈಪ್ ಸುಮಾರು 9.5 ಮೀಟರ್ ಉದ್ದ. ಒಂದರ ತೂಕ ಹತ್ತಿರ ಹತ್ತಿರ 300 ಕೆಜಿ, ಅಂದ್ರೆ ಸುಮಾರು ಒಂದೂವರೆ ಬುಲೆಟ್ ಬೈಕ್‌ನಷ್ಟು. ಕೊರೆಯೋ ಬಿಟ್ ಮೇಲೆ ಭಾರ ಹಾಕೋಕೆ ಡ್ರಿಲ್ ಕಾಲರ್ ಅನ್ನೋ ಇನ್ನೂ ದಪ್ಪ ಪೈಪು ಇರತ್ತೆ. 8 ಇಂಚಿನ ಒಂದು ಕಾಲರ್ ಸುಮಾರು 2 ಟನ್ ತೂಗತ್ತೆ.

ಈಗ 3,000 ಮೀಟರ್ ಆಳದ ಬಾವಿ ಅಂದ್ಕೊಳ್ಳಿ. ಬಿಟ್ ಸವೆದುಹೋಯ್ತು, ಬದಲಾಯಿಸಬೇಕು. ಅದಕ್ಕೆ ಬಾವಿಯೊಳಗಿರೋ ಅಷ್ಟೂ ಪೈಪನ್ನ ಮೇಲಕ್ಕೆ ಎಳೀಬೇಕು. ಮೂರು ಮೂರು ಪೈಪನ್ನ ಬಿಚ್ಚದೇ ಒಟ್ಟಿಗೆ ಎತ್ತಿ ನಿಲ್ಲಿಸ್ತಾರೆ. ಈ ಮೂರರ ಜೋಡಿಗೆ ಸ್ಟ್ಯಾಂಡ್ ಅಂತಾರೆ, ಉದ್ದ ಸುಮಾರು 28 ಮೀಟರ್. ಲೆಕ್ಕ ಹಾಕಿ: ನೂರಕ್ಕೂ ಹೆಚ್ಚು ಸಲ ಬಿಚ್ಚಬೇಕು, ಹೊಸ ಬಿಟ್ ಹಾಕಿದ ಮೇಲೆ ಮತ್ತೆ ಅಷ್ಟೇ ಸಲ ಜೋಡಿಸಬೇಕು. ಒಂದು ಬಿಟ್ ಬದಲಾಯಿಸೋಕೆ ಇನ್ನೂರಕ್ಕೂ ಹೆಚ್ಚು ಸಲ! ಹಗಲಾಗ್ಲಿ, ರಾತ್ರಿಯಾಗ್ಲಿ, ಮಳೆಯಾಗ್ಲಿ, ಕೆಲಸ ನಿಲ್ಲಲ್ಲ.

ಅಪಾಯ ಇರೋದೇ ಇಲ್ಲಿ. ಒಂದು ಸಲ ಮಾಡೋಕೆ ಕಷ್ಟ ಅಂತಲ್ಲ. ಇನ್ನೂರು ಸಲ ಸರಿಯಾಗಿ ಮಾಡಿದ ಕೈ, ಇನ್ನೂರ ಒಂದನೇ ಸಲ ಸುಸ್ತಾಗಿರತ್ತೆ.

ಹಳೇ ವಿಧಾನದಲ್ಲಿ ಎಲ್ಲೆಲ್ಲಿ ಪೆಟ್ಟು?

ಹಳೇ ರಿಗ್‌ನಲ್ಲಿ ಪೈಪ್ ಹೋಗೋ ದಾರಿಯನ್ನ ಮನಸ್ಸಲ್ಲೇ ಚಿತ್ರ ಮಾಡ್ಕೊಳ್ಳಿ.

ಪೈಪು ನೆಲದ ಮೇಲೆ ಅಟ್ಟಣಿಗೆಯಲ್ಲಿ ಮಲಗಿರತ್ತೆ. ಅದಕ್ಕೆ ಸ್ಲಿಂಗ್ ಕಟ್ಟಿ, ವಿಂಚ್‌ನಿಂದ ಎಳೆದು, ಇಳಿಜಾರಿನ ಮೇಲೆ ಜಾರಿಸಿ ರಿಗ್ ಫ್ಲೋರ್‌ಗೆ ತರ್ತಾರೆ. ಮೇಲೆ ಬಂದ ಕೂಡಲೇ ಪೈಪಿನ ತುದಿ ಲೋಲಕದ ಥರ ಒಳಕ್ಕೆ ಬೀಸತ್ತೆ. ಅದನ್ನ ಹಗ್ಗದಿಂದಲೋ ಕೈಯಿಂದಲೋ ತಡೀಬೇಕು. 300 ಕೆಜಿ ಬೀಸಿ ಬರುವಾಗ ಎದುರಿಗೆ ಮನುಷ್ಯ!

ಆಮೇಲೆ ಜೋಡಣೆ. ಬಾವಿಯೊಳಗೆ ತೂಗಾಡ್ತಿರೋ ಪೈಪನ್ನ ಸ್ಲಿಪ್ಸ್ ಅನ್ನೋ ಹಲ್ಲಿರೋ ಬೆಣೆಗಳು ಕಚ್ಚಿ ಹಿಡಿದಿರತ್ವೆ. ಅದನ್ನ ಕೈಯಿಂದ ಎತ್ತಿ ಇಡಬೇಕು. ಒಬ್ಬರಿಂದ ಆಗಲ್ಲ, ಅದಕ್ಕೇ ಮೂರು ಹಿಡಿ ಇರತ್ತೆ. ಸೊಂಟ ಹಿಡ್ಕೊಳ್ಳೋದು ಇಲ್ಲಿ. ಮೇಲಿನ ಪೈಪನ್ನ ತಿರುಗಿಸಿ ಕೂರಿಸೋಕೆ ನಮ್ಮ ರೀಲ್‌ನ ಚೈನು. ಚೈನ್ ಬಿಗಿಯಾಗುವಾಗ ಚೈನಿಗೂ ಪೈಪಿಗೂ ನಡುವೆ ಬೆರಳು ಸಿಕ್ಕಿದ್ರೆ ಬೆರಳು ಹೋಯ್ತು. ಚೈನ್ ತುಂಡಾದ್ರೆ ಅದು ಯಾರ ಕಡೆ ಹಾರತ್ತೆ ಅಂತ ಯಾರಿಗೂ ಗೊತ್ತಿಲ್ಲ.

ಕೊನೆಗೆ ಬಿಗಿ ಮಾಡೋದು. ಇದಕ್ಕೆ ಟಾಂಗ್ಸ್, ಅಂದ್ರೆ ತೂಗುಹಾಕಿರೋ ಭಾರೀ ಸ್ಪ್ಯಾನರ್‌ಗಳು ಅಂದ್ಕೊಳ್ಳಿ. ಕಾರಿನ ಚಕ್ರದ ನಟ್ ಬಿಗಿ ಮಾಡೋಕೆ ಸುಮಾರು 100 ನ್ಯೂಟನ್ ಮೀಟರ್ ತಿರುಚುಬಲ ಸಾಕು. 5 ಇಂಚಿನ ಡ್ರಿಲ್ ಪೈಪಿಗೆ 25ರಿಂದ 30 ಸಾವಿರ ನ್ಯೂಟನ್ ಮೀಟರ್ ಬೇಕಾಗಬಹುದು, ಕೆಲವಕ್ಕೆ ಇನ್ನೂ ಹೆಚ್ಚು. ಟಾಂಗ್‌ನ ತುದಿಯನ್ನ ಉಕ್ಕಿನ ಹಗ್ಗದಿಂದ ಯಂತ್ರ ಎಳೆಯತ್ತೆ. ಹಿಡಿತ ಜಾರಿದ್ರೆ ಆ ಭಾರೀ ಸ್ಪ್ಯಾನರ್ ಗರ್ರನೆ ಸುತ್ತು ಹೊಡೆಯತ್ತೆ.

ಇನ್ನೊಬ್ಬರು ಮೇಲಿರ್ತಾರೆ, ಡೆರಿಕ್‌ಮ್ಯಾನ್. ನೆಲದಿಂದ ಸುಮಾರು 27 ಮೀಟರ್ ಎತ್ತರದಲ್ಲಿ ಒಂದು ಹಲಗೆ. ಅದಕ್ಕೆ ಮಂಕಿ ಬೋರ್ಡ್ ಅಂತಾನೇ ಹೆಸರು. ಬೆಲ್ಟ್ ಕಟ್ಕೊಂಡು, ಮುಂದಕ್ಕೆ ಬಾಗಿ, ಸ್ಟ್ಯಾಂಡ್‌ನ ತಲೆಯನ್ನ ಕೈಯಿಂದ ಎಳೆದು ಬೆರಳಿನಾಕಾರದ ಕಂಬಿಗಳ ನಡುವೆ ಸೇರಿಸಬೇಕು. ಅವರ ಕೈಯಿಂದ ಒಂದು ಸುತ್ತಿಗೆ ಜಾರಿದ್ರೆ, ಕೆಳಗೆ ಬೀಳೋ ಹೊತ್ತಿಗೆ ಅದರ ವೇಗ ಗಂಟೆಗೆ 80 ಕಿ.ಮೀ. ದಾಟಿರತ್ತೆ.

ಸಿನಿಮಾದಲ್ಲಿ ರಿಗ್ ಅಂದ್ರೆ ಬೆಂಕಿ, ಸ್ಫೋಟ. ಅಂಕಿ ಬೇರೆ ಹೇಳತ್ತೆ. ಅಮೆರಿಕದ ಸಿಡಿಸಿ ಸಂಸ್ಥೆ 2003ರಿಂದ 2013ರವರೆಗಿನ ಲೆಕ್ಕ ತೆಗೆದಿತ್ತು. ಅಲ್ಲಿನ ತೈಲ, ಅನಿಲ ಉದ್ಯಮದಲ್ಲಿ 1,189 ಕಾರ್ಮಿಕರು ಕೆಲಸದಲ್ಲಿ ಸತ್ತಿದ್ರು. ಶೇ. 40ರಷ್ಟು ಸಾವು ವಾಹನ, ಸಾಗಣೆ ಅಪಘಾತಗಳಿಂದ. ಎರಡನೇ ಸ್ಥಾನ, ಸುಮಾರು ಶೇ. 26, ವಸ್ತು ಅಥವಾ ಯಂತ್ರ ಬಡಿದು, ಸಿಕ್ಕಿಕೊಂಡು ಆದ ಸಾವು. ಬೆಂಕಿ, ಸ್ಫೋಟದ ಪಾಲು ಶೇ. 14. ನಾವು ಹೆದರೋದು ಬೆಂಕಿಗೆ, ಆದ್ರೆ ಯಂತ್ರ, ಕಬ್ಬಿಣ ಬಡಿದು ಸತ್ತವರು ಅದಕ್ಕಿಂತ ಹೆಚ್ಚು.

ಯಂತ್ರ ಏನು ಬದಲಾಯಿಸ್ತು?

ಈಗ ಅದೇ ದಾರಿಯನ್ನ ಹೊಸ ರಿಗ್‌ನಲ್ಲಿ ನೋಡೋಣ. ಒಂದೊಂದು ಅಪಾಯದ ಜಾಗಕ್ಕೂ ಒಂದೊಂದು ಯಂತ್ರ ಬಂದಿದೆ.

ನೆಲದಿಂದ ಫ್ಲೋರ್‌ಗೆ ಪೈಪ್ ತರೋಕೆ ಕ್ಯಾಟ್‌ವಾಕ್ ಯಂತ್ರ. ಉದ್ದದ ತೊಟ್ಟಿಯಂಥ ತಳದಲ್ಲಿ ಪೈಪು ಉರುಳಿ ಬಂದು ಮಲಗತ್ತೆ, ಹೈಡ್ರಾಲಿಕ್ ಬಲದಿಂದ ತೊಟ್ಟಿನೇ ಮೇಲೇಳತ್ತೆ, ಹಿಂದಿನಿಂದ ಒಂದು ತಳ್ಳುಗ ಪೈಪನ್ನ ಮುಂದಕ್ಕೆ ದೂಡತ್ತೆ. ಸ್ಲಿಂಗ್ ಇಲ್ಲ, ಕೆಳಗೆ ನಿಂತು ಕಟ್ಟೋ ಮನುಷ್ಯನೂ ಬೇಕಿಲ್ಲ.

ಚೈನ್ ಮತ್ತು ಟಾಂಗ್ಸ್ ಜಾಗಕ್ಕೆ ಐರನ್ ರಫ್‌ನೆಕ್. ರಿಗ್ ಫ್ಲೋರ್ ಕಾರ್ಮಿಕರನ್ನ ಇಂಗ್ಲಿಷ್‌ನಲ್ಲಿ ರಫ್‌ನೆಕ್ ಅಂತಾರೆ, ಇದು ಕಬ್ಬಿಣದ ರಫ್‌ನೆಕ್. 1970ರ ದಶಕದಲ್ಲಿ ಬಂದ ಯಂತ್ರ ಇದು. ಹಳಿ ಮೇಲೋ, ಚಾಚೋ ತೋಳಿನ ಮೇಲೋ ಬಾವಿಯ ಹತ್ತಿರ ಬರತ್ತೆ. ಕೆಳಗಿನ ದವಡೆ ಕೆಳಗಿನ ಪೈಪನ್ನ ಅಲುಗಾಡದ ಹಾಗೆ ಹಿಡಿಯತ್ತೆ, ಉರುಳೆಗಳು ಮೇಲಿನ ಪೈಪನ್ನ ತಿರುಗಿಸತ್ವೆ, ಮೇಲಿನ ದವಡೆ ಕೊನೇ ಬಿಗಿ ಕೊಡತ್ತೆ. ಎಷ್ಟು ಬಲ ಅಂತ ಮೊದಲೇ ಸೆಟ್ ಮಾಡಿರ್ತಾರೆ, ಹಾಗಾಗಿ ಪ್ರತಿ ಜೋಡಣೆಯೂ ಒಂದೇ ಥರ. ಕಡಿಮೆ ಬಿಗಿ ಆದ್ರೆ ಸೋರತ್ತೆ, ಹೆಚ್ಚಾದ್ರೆ ಮರೆ ಹಾಳಾಗತ್ತೆ. ಸುರಕ್ಷತೆ ಜೊತೆಗೆ ಕೆಲಸದ ಗುಣಮಟ್ಟಕ್ಕೂ ಲಾಭ.

ಸ್ಲಿಪ್ಸ್ ಎತ್ತಿಡೋಕೆ ಪವರ್ ಸ್ಲಿಪ್ಸ್. ಡ್ರಿಲ್ಲರ್ ತನ್ನ ಜಾಗದಿಂದಲೇ ಒತ್ತಿದ್ರೆ ಬೆಣೆಗಳು ತಾವಾಗಿ ಕೂರ್ತವೆ, ಏಳ್ತವೆ.

1980ರ ದಶಕದ ಆರಂಭದಲ್ಲಿ ಟಾಪ್ ಡ್ರೈವ್ ಬಂತು. ಪೈಪನ್ನ ಮೇಲಿನಿಂದಲೇ ತಿರುಗಿಸೋ ಮೋಟಾರು ಇದು. ಮೊದಲು ಕೊರೆಯುವಾಗ ಒಂದೊಂದೇ ಪೈಪ್ ಸೇರಿಸಬೇಕಿತ್ತು. ಈಗ ಮೂರು ಪೈಪಿನ ಸ್ಟ್ಯಾಂಡ್ ಸೇರಿಸಿ ಕೊರೀಬಹುದು. 3,000 ಮೀಟರ್‌ಗೆ ಮುನ್ನೂರಕ್ಕೂ ಹೆಚ್ಚಿದ್ದ ಜೋಡಣೆ ನೂರರ ಆಸುಪಾಸಿಗೆ ಇಳೀತು. ಅಪಾಯದ ಕೆಲಸ ಸುರಕ್ಷಿತವಾಗಿ ಮಾಡೋದು ಒಂದು ದಾರಿ, ಅದನ್ನ ಮಾಡೋ ಸಲಾನೇ ಕಡಿಮೆ ಮಾಡೋದು ಇನ್ನೊಂದು. ನನಗಂತೂ ಎರಡನೇದು ಹೆಚ್ಚು ಜಾಣತನ ಅನ್ಸತ್ತೆ.

ಡೆರಿಕ್‌ಮ್ಯಾನ್ ಜಾಗಕ್ಕೆ ಪೈಪ್ ರ‍್ಯಾಕಿಂಗ್ ಯಂತ್ರ. ಇಡೀ 28 ಮೀಟರ್ ಸ್ಟ್ಯಾಂಡನ್ನ ತೋಳುಗಳಿಂದ ತಬ್ಬಿ ಹಿಡಿದು ಪಕ್ಕಕ್ಕೆ ನಿಲ್ಲಿಸತ್ತೆ. ಸಮುದ್ರದಲ್ಲಿ ತೇಲೋ ರಿಗ್ ಓಲಾಡ್ತಾ ಇರತ್ತಲ್ಲ, ಅಲ್ಲಿ ಇದರ ಬೆಲೆ ಚೆನ್ನಾಗಿ ಗೊತ್ತಾಗತ್ತೆ. ಉತ್ತರ ಸಮುದ್ರದಲ್ಲಿ ನಾರ್ವೆ ದೇಶ ಇಂಥ ಯಂತ್ರಗಳ ಬಳಕೆಯಲ್ಲಿ ಮುಂಚೂಣಿಯಲ್ಲಿತ್ತು.

ನಮ್ಮ ದೇಶದಲ್ಲಿ? ಹೈದರಾಬಾದಿನ ಮೇಘಾ ಎಂಜಿನಿಯರಿಂಗ್ ಕಂಪನಿ ಒಎನ್‌ಜಿಸಿಗಾಗಿ ಹೈಡ್ರಾಲಿಕ್ ಸ್ವಯಂಚಾಲಿತ ರಿಗ್‌ಗಳನ್ನ ಕಟ್ಟಿಕೊಟ್ಟಿದೆ. ಅದರ ಮೊದಲ ರಿಗ್ 2021ರಲ್ಲಿ ಗುಜರಾತಿನ ಕಲೋಲ್ ಹತ್ತಿರ ಕೆಲಸ ಶುರು ಮಾಡ್ತು. ಒಂದು ವಿಷಯ ನೆನಪಿರಲಿ: ನಮ್ಮ ಕಾನೂನಿನಲ್ಲಿ ತೈಲ ಬಾವಿಯೂ ಗಣಿಯೇ. ನೆಲದ ಮೇಲಿನ ಬಾವಿಗಳಿಗೆ 2017ರ ತೈಲ ಗಣಿ ನಿಯಮಾವಳಿ ಅಂತಾನೇ ಇದೆ.

ಹಾಗಾದ್ರೆ ಅಪಾಯ ಮುಗೀತಾ?

ಇಲ್ಲ, ಸ್ವರೂಪ ಬದಲಾಗಿದೆ. ಐರನ್ ರಫ್‌ನೆಕ್‌ಗೆ ಕಣ್ಣಿಲ್ಲ. ಅದರ ದಾರಿಯಲ್ಲಿ ನೀವು ನಿಂತಿದ್ರೆ ಅದು "ಸೈಡಿಗ್ ಬನ್ನಿ ಸಾರ್" ಅನ್ನಲ್ಲ. ರಿಪೇರಿ ಮಾಡ್ತಿರುವಾಗ ಇನ್ಯಾರೋ ಬಟನ್ ಒತ್ತಿದ್ರೆ, ಚೈನ್ ಕಾಲದಲ್ಲಿ ಹೋಗ್ತಿದ್ದ ಬೆರಳಿನ ಬದಲು ತೋಳು ಹೋಗಬಹುದು. ಅದಕ್ಕೇ ಎರಡು ಶಿಸ್ತು. ಒಂದು, ರೆಡ್ ಝೋನ್: ಯಂತ್ರ ಓಡ್ತಿರುವಾಗ ಗುರುತು ಹಾಕಿದ ಗೆರೆಯೊಳಗೆ ಯಾರೂ ಕಾಲಿಡಬಾರದು. ಎರಡು, ಲಾಕ್ ಮಾಡಿ ಚೀಟಿ ಹಾಕೋದು: ರಿಪೇರಿ ಮಾಡೋನು ಶಕ್ತಿಯ ಮೂಲ ಬಂದ್ ಮಾಡಿ, ತನ್ನದೇ ಬೀಗ ಹಾಕಿ, ಕೀಲಿ ತನ್ನ ಜೇಬಲ್ಲೇ ಇಟ್ಕೋಬೇಕು.

ಎಲ್ಲಾ ಪರಿಹಾರವೂ ಕೋಟಿಗಟ್ಟಲೆ ಬೆಲೆದಲ್ಲ. ತೂಗಾಡೋ ಪೈಪನ್ನ ಕೈಯಿಂದ ತಳ್ಳೋ ಬದಲು ಉದ್ದ ಹಿಡಿಯ ತಳ್ಳುಗೋಲು ಬಳಸಿದ್ರೆ ಬೆರಳು ದೂರ ಉಳಿಯತ್ತೆ. ಎತ್ತರದಲ್ಲಿ ಬಳಸೋ ಪ್ರತಿ ಉಪಕರಣಕ್ಕೂ ಒಂದು ದಾರ ಕಟ್ಟಿದ್ರೆ ಸುತ್ತಿಗೆ ಬೀಳಲ್ಲ. ಹಳೇ ರಿಗ್‌ನಲ್ಲೂ ಇವೆರಡನ್ನ ನಾಳೆಯಿಂದಲೇ ಶುರು ಮಾಡಬಹುದು.

ಇನ್ನು ಕೆಲಸದ ಪ್ರಶ್ನೆ. ಹೌದು, ಯಂತ್ರ ಬಂದ ಕಡೆ ಫ್ಲೋರ್ ಮೇಲೆ ಕಡಿಮೆ ಜನ ಸಾಕು. ಅದನ್ನ ಮುಚ್ಚಿಡೋದು ಬೇಡ. ಆದ್ರೆ ಆ ಹೈಡ್ರಾಲಿಕ್ ಪೈಪು, ಸೆನ್ಸರ್, ಮೋಟಾರು ನೋಡ್ಕೊಳ್ಳೋಕೆ ಮೆಕ್ಯಾನಿಕ್, ಎಲೆಕ್ಟ್ರಿಷಿಯನ್ ಬೇಕೇ ಬೇಕು. ಫಿಟ್ಟರ್ ಓದಿದ ಹುಡುಗನಿಗೆ ದಾರಿ ಇರೋದು ಆ ಕಡೆಗೆ.

ಈಗ ನನ್ನ ಉತ್ತರ

ವಾಯ್ಸ್ ಮೆಸೇಜ್ ಕಳಿಸಿದ ತಮ್ಮಾ, ಹೋಗು ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ಏಜೆಂಟ್ ಹತ್ರ ಸಂಬಳ ಕೇಳೋ ಮುಂಚೆ ಇಷ್ಟು ಕೇಳು. ಆ ರಿಗ್‌ನಲ್ಲಿ ಐರನ್ ರಫ್‌ನೆಕ್ ಇದೆಯಾ, ಕೈ ಟಾಂಗ್ಸಾ? ಚೈನ್ ಎಸೆಯೋ ಪದ್ಧತಿ ಇನ್ನೂ ಇದೆಯಾ? ಇದ್ರೆ ನನ್ನ ಸಲಹೆ ಒಂದೇ: ಬೇರೆ ಕೆಲಸ ಹುಡುಕು. ಫ್ಲೋರ್ ಮೇಲೆ ನಿಲ್ಲಿಸೋ ಮುಂಚೆ ಎಷ್ಟು ದಿನ ತರಬೇತಿ? ಪಾಳಿ ಎಷ್ಟು ಗಂಟೆ? ಅಪಾಯ ಕಂಡಾಗ ಹೊಸ ಹುಡುಗನೂ ಕೈ ಎತ್ತಿ ಕೆಲಸ ನಿಲ್ಲಿಸಬಹುದಾ? ಪೆಟ್ಟಾದ್ರೆ ಆಸ್ಪತ್ರೆ ಖರ್ಚು, ಪರಿಹಾರ ಯಾರದ್ದು, ಕಾಗದದಲ್ಲಿ ಬರೆದಿದೆಯಾ? ಆಮೇಲೆ ಆ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಆಗಿದ್ದಾರಾ ಅಂತ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೀನೇ ನೋಡು. ಫೋನಲ್ಲೇ ನೋಡಬಹುದು.

ಇಷ್ಟು ಕೇಳಿದ್ದಕ್ಕೆ ಏಜೆಂಟ್ ಮುಖ ಸಿಂಡರಿಸಿದ್ರೆ, ಅದೂ ಒಂದು ಉತ್ತರವೇ.

ಆ ರೀಲ್ ಮೊನ್ನೆ ಮತ್ತೆ ನನ್ನ ಫೀಡ್‌ಗೆ ಬಂತು. ಈ ಸಲ ಚೈನ್ ನೋಡಲಿಲ್ಲ, ಎಸೆದವನ ಕೈ ನೋಡಿದೆ. ಗ್ಲೌಸ್‌ನ ಎರಡು ಬೆರಳು ಖಾಲಿ ಜೋತಾಡ್ತಿದ್ದ ಹಾಗೆ ಕಾಣಿಸ್ತು. ನನ್ನ ಭ್ರಮೆಯೂ ಇರಬಹುದು. ಲೈಕ್ ಅಂತೂ ವಾಪಸ್ ತಗೊಂಡೆ.

ನಿಮ್ಮ ಮನೆಯವರೋ ಸ್ನೇಹಿತರೋ ರಿಗ್‌ನಲ್ಲಿ, ಬೋರ್‌ವೆಲ್ ಲಾರಿಯಲ್ಲಿ ಕೆಲಸ ಮಾಡ್ತಿದ್ರೆ ಈ ಸಂಚಿಕೆ ಅವರಿಗೆ ಕಳಿಸಿ. ಅವರ ಅನುಭವವನ್ನ ವಾಯ್ಸ್ ಮೆಸೇಜ್ ಮಾಡಿ ಹೇಳೋಕೆ ಹೇಳಿ. ಮುಂದಿನ ವಾರ ಸಿಗೋಣ, ನಮಸ್ಕಾರ.